ಲೂಬಾ ಅರಸರ ಕೋಲಿಗೆ ‘ರಾಜದಂಡ’ ಎಂಬ ಹೆಸರು ಒಪ್ಪುವುದಿಲ್ಲ

ಮಾನ್ಯ ಸಂಪಾದಕರೇ,

ಆಫ್ರಿಕಾದ ಮರಗೆತ್ತನೆಯ ಬಗ್ಗೆ ಕನ್ನಡ ಪತ್ರಿಕೆಗಳಲ್ಲಿ ಲೇಖನ ಬರುವುದೇ ಅಪರೂಪ. ಬಂದಾಗ, ಕಾಂಗೊ ದೇಶದ ಲೂಬಾ ಜನರ ಕೋಲಿನ ಚಿತ್ರವಿದ್ದರೆ ಅದರಡಿ ‘ಬುಡಕಟ್ಟು ನಾಯಕನ ರಾಜದಂಡ’ ಎಂದೋ ‘ಮಂತ್ರದಂಡ’ ಎಂದೋ ಒಂದು ಸಾಲು ಇರುತ್ತದೆ. ಚಿತ್ರದಲ್ಲಿ ಕಾಣುವುದು ಕೋಲಿನ ತುದಿಯ ಹೆಣ್ಣುಮೂರ್ತಿ ಮಾತ್ರ. ಮಿಕ್ಕ ಮುಕ್ಕಾಲು ಪಾಲು ಪುಟ ಕಟ್ಟುವಾಗ ಕತ್ತರಿಗೆ ಹೋಗಿರುತ್ತದೆ. ಹೆಸರು ಕೊಟ್ಟದ್ದೂ ತಪ್ಪು, ಕತ್ತರಿಸಿದ್ದೂ ತಪ್ಪು. ಆ ಕೋಲು ಏನು ಕೆಲಸ ಮಾಡುತ್ತಿತ್ತು ಎಂದು ಗೊತ್ತಿದ್ದರೆ ಎರಡೂ ಆಗುತ್ತಿರಲಿಲ್ಲ. ಹಾಗಾಗಿ ಈ ಪತ್ರ ಸ್ವಲ್ಪ ಉದ್ದವಾದರೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಕನ್ನಡದಲ್ಲಿ ‘ದಂಡ’ ಎಂದರೆ ಕೋಲೂ ಹೌದು, ಶಿಕ್ಷೆಯೂ ಹೌದು. ತಪ್ಪು ಮಾಡಿದವರು ದಂಡ ಕಟ್ಟುತ್ತಾರೆ, ದಂಡನೆಗೆ ಗುರಿಯಾಗುತ್ತಾರೆ. ‘ರಾಜದಂಡ’ ಎಂದ ಕೂಡಲೇ ಓದುಗರ ಕಣ್ಣಮುಂದೆ ಬರುವುದು ಹೊಡೆಯಲು ಎತ್ತಿದ ಕೈ. ಲೂಬಾ ಭಾಷೆಯಲ್ಲಿ ಈ ಕೋಲಿನ ಹೆಸರು ಕಿಬಾಂಗೊ. ಒಂದಕ್ಕಿಂತ ಹೆಚ್ಚಿದ್ದರೆ ಬಿಬಾಂಗೊ. ಯಾರನ್ನೂ ದಂಡಿಸುವುದಕ್ಕಾಗಿ ಮಾಡಿದ ವಸ್ತುವಲ್ಲ ಅದು. ಒಂದು ಮನೆತನ ಎಲ್ಲಿಂದ ಬಂತು, ಅಧಿಕಾರ ಯಾರಿಂದ ಪಡೆಯಿತು, ಯಾವ ಯಾವ ನೆಲೆಗಳಿಗೆ ಸಂಬಂಧಪಟ್ಟಿದೆ ಎಂಬುದನ್ನು ಮರದಲ್ಲಿ ಕೆತ್ತಿ ಇಟ್ಟ ಹಕ್ಕುಪತ್ರ. ಅದರಲ್ಲಿ ಅಕ್ಷರವಿಲ್ಲ, ಆದರೆ ಅದನ್ನು ಓದುತ್ತಿದ್ದರು. ‘ಬುಡಕಟ್ಟು ನಾಯಕ’ ಎಂಬ ಮಾತಂತೂ ಇನ್ನೂ ಅನ್ಯಾಯ. ಲೂಬಾ ನಾಡು ಒಂದು ರಾಜ್ಯ. ಅಲ್ಲಿ ಅರಸ, ಅರಸನ ಕೆಳಗೆ ಪದವಿ ಪಡೆದ ಅಧಿಕಾರಿಗಳು, ಪ್ರಾಂತದ ಒಡೆಯರು, ಇವರೆಲ್ಲರ ವಂಶಕಥೆ ನೆನಪಿಡಲೆಂದೇ ತರಬೇತಿ ಪಡೆದ ಒಂದು ವರ್ಗ, ಎಲ್ಲವೂ ಇತ್ತು.

ಈ ನಾಡು ಇರುವುದು ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯದ ಆಗ್ನೇಯ ಭಾಗದಲ್ಲಿ, ಲುಆಲಾಬಾ ನದಿಯ ಸುತ್ತ, ಉಪೆಂಬಾ ಮತ್ತು ಕಿಸಾಲೆ ಸರೋವರಗಳ ತಗ್ಗುಪ್ರದೇಶದಿಂದ ಹಿಡಿದು. ಅಲ್ಲಿಯ ಸಾಂಗಾ ಎಂಬಲ್ಲಿ 1950ರ ದಶಕದ ಕೊನೆಯಲ್ಲಿ ಅಗೆತ ಶುರುವಾಯಿತು. ಸಾವಿರ ವರ್ಷ ಹಿಂದಿನ ಗೋರಿಗಳಲ್ಲಿ ಅಧಿಕಾರದ ಗುರುತಾಗಿದ್ದ ಕೊಡಲಿಗಳು, ಕಮ್ಮಾರರು ಕಾದ ಲೋಹ ಇಟ್ಟು ಬಡಿಯುವ ಕಬ್ಬಿಣದ ಅಡಿಗಲ್ಲುಗಳು, ತಾಮ್ರದ ಒಡವೆಗಳು ಸಿಕ್ಕಿವೆ. ಮರದ ಕೋಲು ಮಾತ್ರ ಸಿಗುವುದಿಲ್ಲ. ಆ ಒದ್ದೆ ಮಣ್ಣಿನಲ್ಲಿ, ಗೆದ್ದಲಿನ ನಡುವೆ ಮರ ಉಳಿಯುವುದಿಲ್ಲ. ಇಂದು ನಾವು ನೋಡುವ ಕಿಬಾಂಗೊಗಳಲ್ಲಿ ಹೆಚ್ಚಿನವು 19ನೇ ಶತಮಾನ ಮತ್ತು 20ನೇ ಶತಮಾನದ ಮೊದಲ ಭಾಗದವು. ಅವುಗಳ ಹಿಂದಿನ ಸಂಪ್ರದಾಯ ಹಳೆಯದು. ಕೈಗೆ ಸಿಕ್ಕಿರುವ ಮರ ಅಷ್ಟು ಹಳೆಯದಲ್ಲ. ‘ಸಾವಿರ ವರ್ಷದ ಕೋಲು’ ಎಂದು ಬರೆಯುವವರು ಈ ವ್ಯತ್ಯಾಸ ಗಮನಿಸಬೇಕು.

ಈಗ ಕೋಲನ್ನೇ ನೋಡೋಣ. ಉದ್ದ ಸಾಮಾನ್ಯವಾಗಿ ನಾಲ್ಕರಿಂದ ಐದೂವರೆ ಅಡಿ. ಇಡೀ ಕೋಲು ಒಂದೇ ಮರದ ತುಂಡು; ಮೂರ್ತಿಯನ್ನು ಬೇರೆ ಕೆತ್ತಿ ಮೇಲೆ ಕೂರಿಸುವುದಿಲ್ಲ. ಮೊದಲು ಬಾಚಿಯಿಂದ ಒರಟು ಆಕಾರ, ಆಮೇಲೆ ಚೂರಿಯಿಂದ ನಯ. ವರ್ಷಗಟ್ಟಲೆ ಕೈಯಲ್ಲಿ ಹಿಡಿದು, ತಾಳೆಯೆಣ್ಣೆ ಸವರಿ ಮರ ಕಪ್ಪಾಗಿ ಮಿರುಗುತ್ತದೆ. ಮೇಲ್ತುದಿಯಲ್ಲಿ ಒಬ್ಬ ಹೆಣ್ಣು, ಕೆಲವೊಮ್ಮೆ ಬರೀ ತಲೆ, ಕೆಲವೊಮ್ಮೆ ಬೆನ್ನಿಗೆ ಬೆನ್ನು ಅಥವಾ ಭುಜಕ್ಕೆ ಭುಜ ಕೊಟ್ಟ ಇಬ್ಬರು. ಅದರ ಕೆಳಗೆ ಒಂದು ತುಂಡು ದುಂಡುಕೋಲು. ಆಮೇಲೆ ಕೋಲು ಇದ್ದಕ್ಕಿದ್ದಂತೆ ಚಪ್ಪಟೆಯಾಗಿ ಎರಡೂ ಕಡೆ ಅಗಲವಾಗುತ್ತದೆ, ದೋಣಿಯ ಹುಟ್ಟಿನ ಅಲಗಿನ ಹಾಗೆ, ವಜ್ರದಾಕಾರದಲ್ಲಿ. ಅದರ ಮೈತುಂಬ ಗೀರಿದ ಗೆರೆಗಳು: ಓರೆ ಗೆರೆ, ಅಡ್ಡ ಗೆರೆ, ಒಂದರೊಳಗೊಂದು ಕೂತ ಚೌಕಗಳು. ಮತ್ತೆ ಕೆಳಗೆ ಉದ್ದನೆಯ, ಏನೂ ಇಲ್ಲದ ನುಣುಪು ಕೋಲು. ಎಷ್ಟೋ ಕೋಲುಗಳಲ್ಲಿ ಈ ಭಾಗಕ್ಕೆ ತಾಮ್ರದ ತಂತಿ ಸುತ್ತಿರುತ್ತದೆ. ಕಟ್ಟಕಡೆಗೆ ನೆಲಕ್ಕೆ ಚುಚ್ಚಿ ನಿಲ್ಲಿಸಲು ಕಬ್ಬಿಣದ ಮೊನೆ.

ಪತ್ರಿಕೆಗಳಲ್ಲಿ ಕತ್ತರಿ ಬೀಳುವುದು ಆ ಅಗಲವಾದ ಭಾಗಕ್ಕೇ. ಅದರ ಹೆಸರು ದಿಬುಲು. ಅದು ಅಧಿಕಾರದ ಕೇಂದ್ರ, ಅಂದರೆ ಒಡೆಯನ ಪಟ್ಟಣ, ಆಸ್ಥಾನ. ಅದರ ಮೇಲಿನ ಗೆರೆಗಳು ಆ ನೆಲೆಯ ಗುರುತುಗಳು. ಮೇಲೂ ಕೆಳಗೂ ಇರುವ ನುಣುಪು ಕೋಲು ಜನವಸತಿಯಿಲ್ಲದ ಬಯಲುಹುಲ್ಲುಗಾಡು, ಅದರ ನಡುವೆ ಆಸ್ಥಾನಕ್ಕೆ ಹೋಗುವ ದಾರಿ. ಕೆಲವು ಕೋಲುಗಳಲ್ಲಿ ಇಂಥ ಎರಡು ದಿಬುಲುಗಳಿರುತ್ತವೆ. ಅಂದರೆ ಕೋಲು ಹಿಡಿದವನ ಕೈಯಲ್ಲಿ ಒಂದು ನಕ್ಷೆಯಿದೆ. ಮೇಲಿಂದ ಕೆಳಗೆ ಬೆರಳು ಸರಿದಂತೆ ಮನೆತನ ಒಂದು ನೆಲೆಯಿಂದ ಇನ್ನೊಂದು ನೆಲೆಗೆ ನಡೆಯುತ್ತದೆ. ‘ಅಲಂಕಾರವಿಲ್ಲದ ಭಾಗ’ ಎಂದು ವಿನ್ಯಾಸಗಾರ ಬಿಟ್ಟುಬಿಡುವ ಆ ನುಣುಪು ಮರವೇ ದಾರಿ. ದಾರಿ ತೆಗೆದರೆ ಊರಿಗೆ ಅರ್ಥ ಉಳಿಯುವುದಿಲ್ಲ.

ಓದುವವರು ಯಾರು? ಎಂಬುಡ್ಯೆ ಎಂಬ ಸಂಘವಿತ್ತು. ಅದಕ್ಕೆ ಸೇರಿದವರು ಹಂತಹಂತವಾಗಿ ದೀಕ್ಷೆ ಪಡೆಯಬೇಕು. ಅವರಲ್ಲಿ ವಂಶಾವಳಿ, ಅರಸರ ಪಟ್ಟಿ, ವಲಸೆಯ ದಾರಿ ಕಂಠಪಾಠ ಮಾಡಿದವರಿಗೆ ಬಾನಾ ಬಲೂಟೆ, ಅಂದರೆ ನೆನಪಿನ ಮಂದಿ, ಎಂದು ಹೆಸರು. ಅವರ ಮುಖ್ಯ ಸಲಕರಣೆ ಲುಕಾಸಾ: ಅಂಗೈ ಮೇಲೆ ಇಟ್ಟುಕೊಳ್ಳುವಷ್ಟು ದೊಡ್ಡ, ನಡು ಸಣ್ಣಗಿರುವ ಮರದ ಹಲಗೆ. ಅದರ ಮೇಲೆ ಮಣಿಗಳನ್ನು ಸೂಜಿಯಂಥ ಮೊಳೆಗಳಿಂದ ಕೂರಿಸಿರುತ್ತಾರೆ. ಎಡಗೈಯಲ್ಲಿ ಹಲಗೆ ಹಿಡಿದು ಬಲಗೈ ತೋರುಬೆರಳಿನಿಂದ ಮಣಿಯನ್ನು ಮುಟ್ಟುತ್ತ ಹಾಡುತ್ತಾರೆ. ದೊಡ್ಡ ಮಣಿಯೊಂದರ ಸುತ್ತ ಚಿಕ್ಕವು ಇದ್ದರೆ ಅದು ಒಡೆಯ ಮತ್ತು ಪರಿವಾರವಾಗಬಹುದು. ಸಾಲಾಗಿ ಇದ್ದರೆ ದಾರಿಯಾಗಬಹುದು. ಕಿಬಾಂಗೊದ ದಿಬುಲು ಭಾಗವನ್ನು ಲುಕಾಸಾದ ಪಕ್ಕದಲ್ಲಿಟ್ಟು ನೋಡಿದರೆ ಎರಡೂ ಒಂದೇ ಕುಲದ ವಸ್ತುಗಳು ಎಂಬುದು ಎದ್ದು ಕಾಣುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಬೇಕು, ಏಕೆಂದರೆ ಉತ್ಸಾಹದಲ್ಲಿ ಎಷ್ಟೋ ಜನ ಇದನ್ನು ‘ಆಫ್ರಿಕಾದ ಗುಪ್ತಲಿಪಿ’ ಎಂದು ಬರೆಯುತ್ತಾರೆ. ಇದು ಲಿಪಿಯಲ್ಲ. ‘ಈ ಓರೆ ಗೆರೆಗೆ ಈ ಅರ್ಥ’ ಎಂಬ ಪಟ್ಟಿ ಮಾಡಲು ಬರುವುದಿಲ್ಲ. ಒಂದೇ ಕೋಲನ್ನು ಇಬ್ಬರು ಬಲ್ಲವರು ಎರಡು ಥರ ಓದಬಹುದು. ಒಬ್ಬನೇ ಬೇರೆ ಬೇರೆ ಸಭೆಗಳಲ್ಲಿ ಬೇರೆ ಬೇರೆ ಥರ ಓದಬಹುದು. ಅದು ದೋಷವಲ್ಲ, ಅದರ ಬಳಕೆಯೇ ಹಾಗೆ. ಉತ್ತರಾಧಿಕಾರದ ತಕರಾರು ಇದ್ದಾಗ, ಗಡಿಯ ಮಾತು ಬಂದಾಗ, ಯಾವ ಹಿರಿಯನ ಹೆಸರನ್ನು ಎತ್ತಬೇಕು, ಯಾವುದನ್ನು ಮೆಲ್ಲಗೆ ದಾಟಬೇಕು ಎಂಬುದು ಓದುವವನ ಜಾಣ್ಮೆ. ನೆನಪು ಅಲ್ಲಿ ರಾಜಕಾರಣದ ಕೆಲಸ ಮಾಡುತ್ತಿತ್ತು. ಹೀಗಾಗಿ ಓದುವ ಬಾಯಿ ಇಲ್ಲದೆ ಕೋಲೊಂದೇ ಪೂರ್ತಿ ಹೇಳುವುದಿಲ್ಲ. ಕೋಲಿಲ್ಲದೆ ಬರೀ ಬಾಯಿಮಾತಿಗೆ ಸಭೆಯಲ್ಲಿ ಅಷ್ಟು ತೂಕ ಬರುವುದಿಲ್ಲ.

ಆ ಓದಿನ ಬುಡದಲ್ಲಿರುವ ಕಥೆ ಲೂಬಾ ಅರಸೊತ್ತಿಗೆಯ ಮೂಲಕಥೆ. ಕೆಂಪು ಮೈಯ, ಕ್ರೂರಿ ಅರಸ ನ್ಕೊಂಗೊಲೊ ಮ್ವಾಂಬಾ. ಅವನ ಗುರುತು ಕಾಮನಬಿಲ್ಲು. ಪೂರ್ವದಿಂದ ಬಂದ ಸುಸಂಸ್ಕೃತ ಬೇಟೆಗಾರ ಎಂಬಿಡಿ ಕಿಲುವೆ. ಅರಸನಾದವನು ಎಲ್ಲರೆದುರು ಕೂತು ಉಣ್ಣಬಾರದು ಎಂಬ ಮರ್ಯಾದೆ ಅವನದು. ಅವನಿಗೆ ನ್ಕೊಂಗೊಲೊನ ತಂಗಿಯಲ್ಲಿ ಹುಟ್ಟಿದ ಮಗ ಕಾಲಾಲಾ ಇಲುಂಗಾ ಸೋದರಮಾವನನ್ನು ಗೆದ್ದು ಪವಿತ್ರ ಅರಸೊತ್ತಿಗೆಯನ್ನು, ಅಂದರೆ ಬುಲೊಪ್ವೆಯನ್ನು, ಸ್ಥಾಪಿಸಿದ. ಅಧಿಕಾರ ಬಯಸುವ ಪ್ರತಿ ಮನೆತನವೂ ತನ್ನ ಎಳೆಯನ್ನು ಈ ಕಥೆಗೆ ಗಂಟುಹಾಕಬೇಕಿತ್ತು. ಕಿಬಾಂಗೊ ಆ ಗಂಟಿಗೆ ಸಾಕ್ಷಿ.

ಇನ್ನು ತುದಿಯ ಹೆಣ್ಣು. ಅಡಿಬರಹಗಳಲ್ಲಿ ಅವಳು ‘ಫಲವಂತಿಕೆಯ ದೇವತೆ’. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಗಂಡಸು ಹಿಡಿಯುವ ಕೋಲಿನ ಮೇಲೆ ಹೆಣ್ಣು ಏಕೆ ಎಂಬ ಪ್ರಶ್ನೆಗೆ ಉತ್ತರ ಲೂಬಾ ಅರಸೊತ್ತಿಗೆಯ ನಡುಮನೆಯಲ್ಲೇ ಇದೆ. ಅರಸನ ಆತ್ಮದಷ್ಟು ಬಲವಾದುದನ್ನು ತಾಳಿಕೊಳ್ಳುವ ಶಕ್ತಿ ಹೆಣ್ಣಿನ ಮೈಗೆ ಮಾತ್ರ ಇದೆ ಎಂಬುದು ಅವರ ನಂಬಿಕೆ. ಅರಸ ತೀರಿಕೊಂಡರೆ ಅವನ ಆತ್ಮ ಒಬ್ಬ ಹೆಣ್ಣಿನಲ್ಲಿ ನೆಲೆಸುತ್ತದೆ. ಅವಳಿಗೆ ಮ್ವಾಡಿ ಎಂದು ಹೆಸರು. ಅರಸ ಇದ್ದ ಪಟ್ಟಣ ಅವನ ಆತ್ಮದ ಪೀಠವಾಗುತ್ತದೆ, ಅದು ಕಿಟೆಂಟಾ. ಮ್ವಾಡಿ ಅಲ್ಲಿ ಅವನ ಅವಶೇಷಗಳನ್ನು ಕಾಯುತ್ತಾಳೆ. ಹೊಸ ಅರಸ ಹೊಸ ಪಟ್ಟಣ ಕಟ್ಟಿಕೊಳ್ಳಬೇಕು. ಮೂರ್ತಿಯ ಕೈಗಳು ಮೊಲೆಗಳ ಮೇಲೆ ಇರುವುದೂ ಇದಕ್ಕೇ: ಅರಸೊತ್ತಿಗೆಯ ಗುಟ್ಟುಗಳು, ನಿಷೇಧಗಳು ಅಲ್ಲಿ ಭದ್ರವಾಗಿವೆ ಎಂಬ ಸನ್ನೆ. ಹಾಲೂಡಿಸುವುದಕ್ಕೂ ಆ ಭಂಗಿಗೂ ಸಂಬಂಧವಿಲ್ಲ. ಇಬ್ಬರು ಹೆಂಗಸರಿದ್ದರೆ ಅವರನ್ನು ಎಂಪಂಗಾ ಮತ್ತು ಬಾಂಜೆ ಎಂಬ ಅವಳಿ ಕಾವಲು ಶಕ್ತಿಗಳೆಂದು ಗುರುತಿಸುತ್ತಾರೆ. ಕಿಬಾಂಗೊ ಗಂಡಸರ ಸ್ವತ್ತು ಮಾತ್ರ ಎಂದು ತಿಳಿಯುವುದೂ ಸರಿಯಲ್ಲ. ಆತ್ಮ ಮೈಮೇಲೆ ಬರುವ ಹೆಂಗಸರ ಬಳಿಯೂ ಕೋಲುಗಳಿದ್ದವು.

ಹತ್ತಿರದಿಂದ ನೋಡಿದರೆ ಮೂರ್ತಿಯ ಹೊಟ್ಟೆಯ ಮೇಲೆ, ಸೊಂಟದ ಸುತ್ತ ಉಬ್ಬಿದ ಗೆರೆಗಳಿವೆ. ಇದನ್ನು ‘ಹಚ್ಚೆ’ ಎನ್ನಬಾರದು. ಹಚ್ಚೆಯಲ್ಲಿ ಬಣ್ಣ ಚರ್ಮದೊಳಗೆ ಹೋಗುತ್ತದೆ. ಇಲ್ಲಿ ಚರ್ಮವನ್ನು ಸಣ್ಣಗೆ ಕೊಯ್ದು, ಗಾಯ ಮಾಯುವಾಗ ಗಂಟುಗಂಟಾಗಿ ಉಬ್ಬುವಂತೆ ಮಾಡುತ್ತಾರೆ. ಬೆರಳಾಡಿಸಿದರೆ ತಿಳಿಯುವ ಚಿತ್ತಾರ. ಲೂಬಾ ಹೆಂಗಸರ ಮೈಮೇಲಿದ್ದ ಆ ಚಿತ್ತಾರವೇ ಕೋಲಿನ ದಿಬುಲು ಮೇಲೂ ಇದೆ. ಅಂದರೆ ಕೋಲಿನ ಅಗಲ ಭಾಗ ಊರೂ ಹೌದು, ಹೆಣ್ಣಿನ ಮೈಯೂ ಹೌದು. ಕೂದಲಿನ ಕಟ್ಟನ್ನೂ ಹೀಗೆಯೇ ನೋಡಬೇಕು. ಅದು ಟೋಪಿಯಲ್ಲ, ಕಿರೀಟವಲ್ಲ, ನಿಜವಾದ ಜಡೆಗಟ್ಟು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಒಂದು ಬಗೆಯ ಕಟ್ಟಿಗೆ ಸುಮಾರು 50 ಗಂಟೆ ಬೇಕಾಗುತ್ತಿತ್ತು. ಕೆಡದಂತೆ ಮರದ ತಲೆದಿಂಬಿನ ಮೇಲೆ ಮಲಗಿದರೆ ಎರಡು–ಮೂರು ತಿಂಗಳು ಉಳಿಯುತ್ತಿತ್ತು. ಕಟ್ಟು ಯಾವ ಬಗೆಯದು ಎಂಬುದರಿಂದ ಕೋಲು ಯಾವ ಸೀಮೆಯದು ಎಂದು ಅಂದಾಜು ಮಾಡಬಹುದು. ಆದ್ದರಿಂದ ಮೂರ್ತಿಯ ಮುಖದಷ್ಟೇ ತಲೆಯ ಹಿಂಬದಿಯೂ ಚಿತ್ರದಲ್ಲಿ ಬರಬೇಕು.

ಕೆತ್ತಿ ಮುಗಿದ ಕೋಲು ಇನ್ನೂ ಬರೀ ಮರ. ವಿಧಿ ಬಲ್ಲವರು ಅದಕ್ಕೆ ಶಕ್ತಿ ತುಂಬಬೇಕು. ಕೆಲವು ಕೋಲುಗಳ ತಲೆಯ ನಡುವೆ ಗುಳಿ ತೋಡಿ ಬೇರು, ನಾರು ಮುಂತಾದ ಪದಾರ್ಥ ಇಟ್ಟಿರುತ್ತಾರೆ. ತಾಮ್ರದ ಸುತ್ತು ಚೆಂದಕ್ಕಷ್ಟೇ ಅಲ್ಲ, ರಕ್ಷಣೆಗಾಗಿಯೂ ಹೌದು. ಕಬ್ಬಿಣದ ಮಾತೂ ಅಷ್ಟೇ: ಕಮ್ಮಾರಿಕೆಗೂ ಅರಸುತನಕ್ಕೂ ಲೂಬಾ ನಾಡಿನಲ್ಲಿ ಬಿಡದ ನಂಟು. ಹಳೆಯ ಗೋರಿಗಳಲ್ಲಿ ತಲೆಯ ಬಳಿ ಅಡಿಗಲ್ಲು ಇಟ್ಟಿರುವುದು, ಹೆಂಗಸರ ಜಡೆಗೆ ಅಡಿಗಲ್ಲಿನ ಆಕಾರದ ಪುಟ್ಟ ಕಬ್ಬಿಣದ ಸೂಜಿ ಸಿಕ್ಕಿಸುವುದು, ಎಲ್ಲ ಒಂದೇ ಸರಪಳಿ. ಪಟ್ಟಕ್ಕೆ ಬರುವವನು ಏಕಾಂತವಾಸ ಮುಗಿಸಿ ಹೊರಬಂದು, ಕೋಲು ಹಿಡಿದು ಪ್ರಮಾಣವಚನ ಹೇಳುತ್ತಾನೆ. ಮಂಡಿಯೂರಿದ ಹೆಣ್ಣು ತಲೆಯ ಮೇಲೆ ಹೊತ್ತ ಪೀಠ, ಈಟಿ, ಕೊಡಲಿ, ಬಿಲ್ಲು ನಿಲ್ಲಿಸುವ ಕವಲು, ಬಿಳಿ ಸುಣ್ಣದಮಣ್ಣು ಇವೆಲ್ಲ ಪಟ್ಟದ ಒಡವೆಗಳೇ. ಇವುಗಳಲ್ಲಿ ಬಿಲ್ಲುಕವಲು ಹೊರಗೆ ಕಾಣುವಂಥದ್ದಲ್ಲ, ಒಳಮನೆಯಲ್ಲೇ ಇರಬೇಕು. ಕಿಬಾಂಗೊ ಸಭೆಗೆ ಬರುತ್ತದೆ, ಒಡೆಯನ ಪಕ್ಕದಲ್ಲಿ ನೆಲಕ್ಕೆ ನಾಟಿಕೊಂಡು ನಿಲ್ಲುತ್ತದೆ. ಮನೆತನದಲ್ಲಿ ಕೈಯಿಂದ ಕೈಗೆ ಸಾಗುತ್ತದೆ.

ಲೂಬಾ ಅರಸರ ಪ್ರಭಾವ ಅಷ್ಟು ದೂರ ಹರಡಿದ್ದು ಬರೀ ಯುದ್ಧದಿಂದಲ್ಲ. ಸುತ್ತಲಿನ ಚಿಕ್ಕ ಒಡೆಯರು ಮಾನ್ಯತೆಗಾಗಿ ಅರಸನತ್ತ ನೋಡುತ್ತಿದ್ದರು. ಕಪ್ಪ ಅತ್ತ ಹೋದರೆ ಲಾಂಛನ, ಬಿಳಿಮಣ್ಣು, ಪವಿತ್ರ ಬೆಂಕಿ ಇತ್ತ ಬರುತ್ತಿದ್ದವು. ಬ್ರಿಟಿಷ್ ಪ್ರವಾಸಿ ವರ್ನಿ ಲವೆಟ್ ಕ್ಯಾಮರನ್ 1874ರಲ್ಲಿ ಅರಸ ಕಾಸೊಂಗೊ ಕಾಲೊಂಬೊನ ಆಸ್ಥಾನಕ್ಕೆ ಹೋದಾಗ ಈ ವ್ಯವಸ್ಥೆ ಇನ್ನೂ ನಿಂತಿತ್ತು. ಆಮೇಲೆ ಗುಲಾಮರ ವ್ಯಾಪಾರ, ಉತ್ತರಾಧಿಕಾರದ ಕಾದಾಟ, 1885ರಿಂದ ಬೆಲ್ಜಿಯಂ ದೊರೆ ಲಿಯೊಪೊಲ್ಡನ ಕಾಂಗೊ, 1908ರಿಂದ 1960ರವರೆಗೆ ಬೆಲ್ಜಿಯಂ ಸರ್ಕಾರದ ಆಳ್ವಿಕೆ. ಆ ಸರ್ಕಾರ ತಾನು ಒಪ್ಪಿದ ಒಡೆಯರ ಕೊರಳಿಗೆ ಲೋಹದ ಪದಕ ಹಾಕಿತು. ಪದಕ ಹೇಳುತ್ತಿದ್ದುದು ಒಂದೇ ಮಾತು: ಇವನು ಸರ್ಕಾರದ ಮನುಷ್ಯ. ಇವನ ಹಿರಿಯರು ಯಾರು, ಇವನ ನೆಲೆ ಯಾವುದು ಎಂದು ಹೇಳುವ ಶಕ್ತಿ ಅದಕ್ಕಿರಲಿಲ್ಲ.

ಆ ಕಾಲದಲ್ಲೇ ನೂರಾರು ಲಾಂಛನಗಳು ಯುರೋಪಿಗೆ ಹೋದವು. ಸಾಗಿಸುವಾಗ, ಮಾರುವಾಗ, ಜೋಡಿಸಿಡುವಾಗ ಆದ ಹಾನಿ ಇಂದಿಗೂ ಕೋಲುಗಳ ಮೈಮೇಲಿದೆ. ಮೂರ್ತಿಗೆ ಬೆಲೆ ಹೆಚ್ಚು ಎಂದು ಮೇಲ್ತುದಿಯಷ್ಟನ್ನು ಗರಗಸ ಹಾಕಿ ಪೀಠದ ಮೇಲೆ ಕೂರಿಸಿದರೆ ದಿಬುಲು ಹೋಯಿತು, ದಾರಿ ಹೋಯಿತು, ಉಳಿದದ್ದು ಹೆಸರಿಲ್ಲದ ಒಬ್ಬ ಹೆಣ್ಣು. ಕಬ್ಬಿಣದ ಮೊನೆಯನ್ನು ಲೋಹದ ಆಧಾರದೊಳಗೆ ಹುಗಿದರೆ ಅಲ್ಲಿ ತೇವ ನಿಂತು ತುಕ್ಕು ಬರುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಉಬ್ಬಿ ಮರವನ್ನು ಸೀಳುತ್ತದೆ. ತಾಮ್ರದ ತಂತಿಗೆ ಇನ್ನೊಂದು ತೊಂದರೆ: ಮರ ಹೀರಿಕೊಂಡ ಹಳೆಯ ಎಣ್ಣೆಯ ಆಮ್ಲ ತಾಮ್ರದೊಡನೆ ಸೇರಿ ಮೇಣದಂಥ ಹಸಿರು ಕಿಲುಬು ಕಟ್ಟುತ್ತದೆ. ಕಂಡ ಕೂಡಲೇ ಉಜ್ಜಿ ತೆಗೆಯುವವರು ಅದರ ಜೊತೆಗೆ ತಲೆಮಾರುಗಳ ಕೈಗಳು ಕೂರಿಸಿದ ಕಪ್ಪು ಹೊಳಪನ್ನೂ ತೆಗೆದುಬಿಡುತ್ತಾರೆ. ಗಾಳಿಯ ತೇವ ಏರಿಳಿದರೆ ಮರ ಹಿಗ್ಗಿ ಕುಗ್ಗುತ್ತದೆ, ತಂತಿ ಹಿಗ್ಗುವುದಿಲ್ಲ; ಮರ ಒಣಗಿದಾಗ ಸುತ್ತು ಸಡಿಲವಾಗಿ ಜಾರುತ್ತದೆ. ಜಾರಿದ ತಂತಿಯನ್ನು ಎಲ್ಲಿ ಇತ್ತು ಎಂದು ಗುರುತು ಮಾಡದೆ ಮೇಲೆ ತಳ್ಳಬಾರದು. ಹಳೆಯ ಸಂಗ್ರಹಗಳಲ್ಲಿ ಹುಳು ಹಿಡಿಯದಂತೆ ಆರ್ಸೆನಿಕ್, ಡಿಡಿಟಿ ಹಾಕುತ್ತಿದ್ದುದರಿಂದ ಬರಿಗೈಯಲ್ಲಿ ಮುಟ್ಟುವುದು ಮನುಷ್ಯರಿಗೂ ಒಳ್ಳೆಯದಲ್ಲ. ಇಂಥ ಕೋಲು ನಾಳೆ ತಾಯ್ನಾಡಿಗೆ ಮರಳಿ ಮತ್ತೆ ವಿಧಿಗಳಲ್ಲಿ ಕೈ ಸೇರುವುದಾದರೆ, ಮೊದಲು ವಿಷದ ಪರೀಕ್ಷೆ ಆಗಲೇಬೇಕು.

ಮರಳುವ ಮಾತು ಕನಸಿನದಲ್ಲ. 2022ರಲ್ಲಿ ಬೆಲ್ಜಿಯಂ ಸುಮಾರು 84,000 ವಸ್ತುಗಳ ಪಟ್ಟಿಯನ್ನು ಕಾಂಗೊಗೆ ಕೊಟ್ಟಿತು. ವಸಾಹತು ಕಾಲದ ವಸ್ತುಗಳನ್ನು ಹಿಂದಿರುಗಿಸುವ ಕಾನೂನನ್ನೂ ಅದೇ ವರ್ಷ ಮಾಡಿತು. ಆದರೆ ಇಂಥ ಪಟ್ಟಿಯಲ್ಲಿ ಒಂದು ಕೋಲಿನ ಎದುರು ‘ಮರ, ಲೂಬಾ, 19ನೇ ಶತಮಾನ’ ಎಂದಷ್ಟೇ ಇದ್ದರೆ ಅದನ್ನು ಯಾರ ಕೈಗೆ ಕೊಡುವುದು? ಯಾವ ಊರಿನಲ್ಲಿ, ಯಾವ ಪದವಿಯವರಿಂದ, ಯಾವ ವರ್ಷ, ಕೊಂಡದ್ದೋ ಕಸಿದದ್ದೋ ಎಂಬ ನಾಲ್ಕು ವಿವರ ಬೇಕು. ಅವು ಸಿಗದಿದ್ದಲ್ಲಿ ಜಡೆಗಟ್ಟು, ದಿಬುಲು ಗೆರೆ, ತಂತಿಯ ಸುತ್ತು, ಮೊನೆಯ ಆಕಾರ ಇವೇ ಉಳಿದ ಸುಳಿವು. ಅದಕ್ಕೇ ಪೂರ್ತಿ ಕೋಲಿನ ಚಿತ್ರಕ್ಕಾಗಿ ಇಷ್ಟು ಒತ್ತಾಯ.

ತಮ್ಮಲ್ಲಿ ವಿನಂತಿ ಇಷ್ಟು. ಮುಂದೆ ಇಂಥ ಚಿತ್ರ ಅಚ್ಚು ಹಾಕುವಾಗ ಅಂಕಣದ ಉದ್ದಕ್ಕೂ, ಮೂರ್ತಿಯಿಂದ ಕಬ್ಬಿಣದ ಮೊನೆಯವರೆಗೆ, ನೆಟ್ಟಗೆ ನಿಲ್ಲಿಸಿ ಹಾಕಿ. ಜಾಗವಿದ್ದರೆ ದಿಬುಲುವಿನ ಎರಡೂ ಮುಖಗಳನ್ನು ಪಕ್ಕದಲ್ಲಿ ಕೊಡಿ. ಗೀರುಗಳು ಕಾಣಬೇಕಾದರೆ ಬೆಳಕು ಎದುರಿನಿಂದಲ್ಲ, ಓರೆಯಾಗಿ ಬಿದ್ದಿರುವ ಚಿತ್ರವನ್ನೇ ಆರಿಸಬೇಕು. ಅಡಿಬರಹಕ್ಕೆ ಹೀಗೆ ಬರೆದರೆ ಸಾಕು: ‘ಕಿಬಾಂಗೊ, ಲೂಬಾ ಒಡೆತನದ ಕೋಲು. ಮರ, ತಾಮ್ರದ ತಂತಿ, ಕಬ್ಬಿಣ. ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ.’

ಇಂತಿ,
ತಮ್ಮ ಪತ್ರಿಕೆಯ ಓದುಗ